43ರಲ್ಲಿ ಸಿಎ ಓದಬಹುದಾ? ಕೆಲಸ ಬಿಡುವ ಮಾತು ಆಮೇಲೆ

ಪ್ರಶ್ನೆ: ನನಗೆ 43 ವರ್ಷ. ಊರು ಶಿವಮೊಗ್ಗ. 2004ರಲ್ಲಿ ಬಿ.ಕಾಂ ಮುಗಿಸಿದೆ, ಶೇ 58 ಬಂದಿತ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಮದುವೆಯಾದ ಮೇಲೆ ಓದು ನಿಂತುಹೋಯಿತು. 14 ವರ್ಷದಿಂದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಕೆಲಸ ಎಲ್ಲ ನನ್ನದೇ. ಮನೆಯಲ್ಲಿ ಯಜಮಾನರು, ಅತ್ತೆ, ಮಗಳು. ಯಜಮಾನರದು ಸಣ್ಣ ಅಂಗಡಿ. ಮಗಳು ಎರಡನೇ ಪಿಯು ಕಾಮರ್ಸ್, ಸಿಎ ಮಾಡ್ತೀನಿ ಅಂತಾಳೆ. ಅವಳ ಮಾತು ಕೇಳಿದಾಗಿನಿಂದ ನನ್ನ ಹಳೆಯ ಆಸೆ ಮತ್ತೆ ಚಿಗುರಿದೆ. ಮಂಡಿಗೆ ಬರುವ ಆಡಿಟರ್ ಹತ್ತಿರ ಹೇಳಿದೆ. ‘ಈ ವಯಸ್ಸಲ್ಲಿ ಯಾಕಮ್ಮ ನಿಮಗೆ’ ಅಂದರು. ವಯಸ್ಸಿನ ಮಿತಿ ಇದೆಯಾ ಮೇಡಂ? ಕೆಲಸ ಬಿಡಬೇಕಾ? ಸಿಎ ಬದಲು ಸಿಎಂಎ, ಅಂದರೆ ಕಾಸ್ಟ್ ಅಕೌಂಟೆಂಟ್ ಕೋರ್ಸು, ಒಳ್ಳೆಯದಾ? ಇಂಗ್ಲಿಷ್ ಭಯ ಬೇರೆ ಇದೆ.

ಉತ್ತರ: ನಿಮ್ಮ ಪತ್ರ ಓದುತ್ತಾ ‘ಯಾಕಮ್ಮ’ ಅನ್ನುವ ಕಡೆ ನಿಂತುಬಿಟ್ಟೆ. ಅದೇ ಮಾತು ನಾನೂ ಕೇಳಿದ್ದೇನೆ, 2012ರಲ್ಲಿ. ಆಗ ನನಗೆ 36. ಧಾರವಾಡದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಗುಮಾಸ್ತೆ ಕೆಲಸ. ಸಿಎ ಮುಗಿಸಿದ್ದು 2019ರಲ್ಲಿ, 43ನೇ ವಯಸ್ಸಿಗೆ. ಅಂದರೆ ನಾನು ಮುಗಿಸಿದ ವಯಸ್ಸಿನಲ್ಲಿ ನೀವು ಶುರು ಮಾಡಬೇಕು ಅಂತಿದ್ದೀರಿ. ಆ ಏಳು ವರ್ಷ ಸಣ್ಣದಲ್ಲ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ವಯಸ್ಸಿನ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಸಿಎ ಕೋರ್ಸಿಗೆ ಗರಿಷ್ಠ ವಯಸ್ಸು ಅಂತ ಇಲ್ಲ. ಸಿಎಂಎಗೂ ಇಲ್ಲ. ಸಿಎಗೆ ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್ ಅಂತ ಮೂರು ಹಂತ. ಕಾಮರ್ಸ್ ಪದವಿಯಲ್ಲಿ ಶೇ 55 ಇದ್ದವರು ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಸಿಎ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಬೇರೆ ಪದವಿಯವರಿಗೆ ಇದು ಶೇ 60. ನಿಮ್ಮದು 58. ಬಾಗಿಲು ತೆರೆದೇ ಇದೆ.

ನಿಮ್ಮ ಎರಡನೇ ಪ್ರಶ್ನೆಯೇ ದೊಡ್ಡದು. ಕೆಲಸ ಬಿಡಬೇಕಾ? ಹೆಚ್ಚಿನವರು ಸಿಎ ಅಂದ ತಕ್ಷಣ ಪರೀಕ್ಷೆ ಕಷ್ಟ ಅಂತ ಹೆದರುತ್ತಾರೆ. ಸಂಸಾರ ಇರುವವರಿಗೆ ನಿಜವಾದ ಕಷ್ಟ ಪರೀಕ್ಷೆಯಲ್ಲ, ಆರ್ಟಿಕಲ್‌ಶಿಪ್. ಒಬ್ಬ ಸಿಎ ಕೈಕೆಳಗೆ ಪೂರ್ತಿ ಎರಡು ವರ್ಷ ಕಲಿಯಬೇಕು. ವಾರಕ್ಕೆ ಕನಿಷ್ಠ 35 ಗಂಟೆ. ಆ ಎರಡು ವರ್ಷ ಬೇರೆ ಕೆಲಸ ಮಾಡುವ ಹಾಗಿಲ್ಲ. ಸ್ಟೈಪೆಂಡ್ ಬರುತ್ತದೆ, ಆದರೆ ಅದರಲ್ಲಿ ಮನೆ ನಡೆಯುವುದಿಲ್ಲ. ಮೊದಲು ಇದು ಮೂರು ವರ್ಷ ಇತ್ತು. ನಾನು ಮೂರು ವರ್ಷವೇ ಮಾಡಿದ್ದು.

ಇಲ್ಲಿ ನಿಮಗೆ ಒಂದು ದೊಡ್ಡ ಅನುಕೂಲ ಆಗಿದೆ. ನನ್ನ ಕಾಲದಲ್ಲಿ ಪದವೀಧರರು ನೇರವಾಗಿ ಸೇರಿದರೆ ಮೊದಲು ಆರ್ಟಿಕಲ್‌ಶಿಪ್ ಶುರು ಮಾಡಬೇಕಿತ್ತು. ಒಂಬತ್ತು ತಿಂಗಳು ಕಳೆದ ಮೇಲೆ ಪರೀಕ್ಷೆ. ಅಂದರೆ ಒಂದು ಪೇಪರ್ ಕೂಡ ಪಾಸಾಗುವ ಮೊದಲೇ ನಾನು ಕೆಲಸ ಬಿಟ್ಟೆ. ಅದೆಷ್ಟು ದಿನ ನಿದ್ದೆ ಬಂದಿರಲಿಲ್ಲ. 2023ರ ಜುಲೈ 1ರಿಂದ ಬಂದ ಹೊಸ ಪದ್ಧತಿಯಲ್ಲಿ ಇದು ತಿರುಗಿದೆ. ಈಗ ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್, ಅಂದರೆ ಮೂರು ಮೂರು ಪೇಪರಿನ ಎರಡು ಕಂತು, ಪಾಸಾದ ಮೇಲೆಯೇ ಆರ್ಟಿಕಲ್‌ಶಿಪ್. ಅಲ್ಲಿಯವರೆಗೆ ಮಂಡಿಯ ಕೆಲಸದಲ್ಲಿ ಇದ್ದುಕೊಂಡೇ ಓದಬಹುದು.

ಹಾಗಾಗಿ ಕೆಲಸ ಬಿಡುವ ಮಾತು ಇವತ್ತು ಮನೆಯಲ್ಲಿ ಎತ್ತಲೇ ಬೇಡಿ. ಅದು ಎರಡು ವರ್ಷ ಆಚೆಯ ಮಾತು. ಎರಡೂ ಗ್ರೂಪ್ ಪಾಸಾದ ಹಾಳೆ ಕೈಯಲ್ಲಿ ಹಿಡಿದು ಆಗ ಕೂತು ಮಾತಾಡಿ. ಆಗ ಯಜಮಾನರೂ ಬೇರೆ ರೀತಿ ಯೋಚನೆ ಮಾಡುತ್ತಾರೆ, ನೀವೂ ಮಾಡುತ್ತೀರಿ. ಅಷ್ಟರೊಳಗೆ ಒಂದು ಕೆಲಸ ಮಾಡಿ. ನಿಮ್ಮ ಸಂಬಳದಲ್ಲಿ ತಿಂಗಳು ತಿಂಗಳು ಸ್ವಲ್ಪ ಪ್ರತ್ಯೇಕ ಆರ್‌ಡಿಗೆ ಹಾಕುತ್ತಾ ಹೋಗಿ. ಆ ಎರಡು ವರ್ಷದ ಮನೆ ಖರ್ಚಿಗೆ ಅದು ಊರುಗೋಲು. ಮಗಳ ಫೀಸಿನ ದುಡ್ಡಿಗೆ ಅದನ್ನು ಬೆರೆಸಬೇಡಿ.

ಒಟ್ಟು ಎಷ್ಟು ಕಾಲ ಬೇಕು ಅಂತ ನೇರವಾಗಿ ಹೇಳುತ್ತೇನೆ. ಇಂಟರ್‌ಮೀಡಿಯೆಟ್‌ಗೆ ಕೆಲಸದ ಜೊತೆ ಒಂದೂವರೆಯಿಂದ ಎರಡು ವರ್ಷ. ಆಮೇಲೆ ನಾಲ್ಕು ವಾರದ ಓರಿಯೆಂಟೇಶನ್ ಮತ್ತು ಕಂಪ್ಯೂಟರ್ ತರಬೇತಿ. ಎರಡು ವರ್ಷ ಆರ್ಟಿಕಲ್‌ಶಿಪ್. ಅದರ ನಡುವೆ ನಾಲ್ಕು ಸೆಟ್ ಆನ್‌ಲೈನ್ ಪರೀಕ್ಷೆಗಳನ್ನು ನಿಮ್ಮ ಅನುಕೂಲದ ವೇಗದಲ್ಲಿ ಮುಗಿಸಬೇಕು. ಆಮೇಲೆ ಆರು ತಿಂಗಳ ಓದು, ಫೈನಲ್. ಒಂದೆರಡು ಸಲ ಫೇಲಾಗುವುದನ್ನೂ ಸೇರಿಸಿದರೆ ಐದರಿಂದ ಆರು ವರ್ಷ. 48 ಅಥವಾ 49ಕ್ಕೆ ನೀವು ಸಿಎ. ಇದಕ್ಕಿಂತ ಬೇಗ ಆಗುತ್ತದೆ ಅಂತ ಯಾವುದಾದರೂ ಕೋಚಿಂಗ್ ಸೆಂಟರ್ ಹೇಳಿದರೆ ದುಡ್ಡು ಕಟ್ಟುವ ಮೊದಲು ಮತ್ತೊಮ್ಮೆ ಯೋಚಿಸಿ.

ಈಗ ಸಿಎಂಎ ವಿಷಯ. ‘ಸುಲಭ’ ಅನ್ನುವ ಲೆಕ್ಕದಲ್ಲಿ ಇದನ್ನು ಆರಿಸಬೇಡಿ. ಮುಂದೆ ಯಾವ ಕಾಗದಕ್ಕೆ ಸಹಿ ಹಾಕಬೇಕು ಅಂತ ಇದ್ದೀರಿ, ಅದನ್ನು ನೋಡಿ ಆರಿಸಿ. ಕಂಪನಿಗಳ ಶಾಸನಬದ್ಧ ಆಡಿಟ್, ಆದಾಯ ತೆರಿಗೆಯ ಟ್ಯಾಕ್ಸ್ ಆಡಿಟ್, ಇವೆರಡಕ್ಕೂ ಸಿಎ ಸಹಿಯೇ ಬೇಕು. ಸಿಎಂಎ ಮಾಡಿದವರು ಕಾಸ್ಟ್ ಆಡಿಟ್, ಅಂದರೆ ತಯಾರಿಕೆಯ ಖರ್ಚಿನ ಲೆಕ್ಕದ ತಪಾಸಣೆ, ಮಾಡುತ್ತಾರೆ. ಸಕ್ಕರೆ, ಸಿಮೆಂಟ್, ಔಷಧ, ವಿದ್ಯುತ್ ಮುಂತಾದ ಉದ್ಯಮಗಳಲ್ಲಿ ಒಂದು ಮಿತಿ ದಾಟಿದ ಕಂಪನಿಗಳು ಕಾಸ್ಟ್ ರೆಕಾರ್ಡ್ ಇಡಲೇಬೇಕು. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳು, ಕಲಬುರಗಿ ಕಡೆಯ ಸಿಮೆಂಟ್ ಫ್ಯಾಕ್ಟರಿಗಳು ಇದ್ದಾವಲ್ಲ, ಅಂಥ ಕಡೆ ಈ ಓದಿಗೆ ನಿಜವಾದ ಬೆಲೆ ಇದೆ. ಕಂಪನಿಯೊಳಗೆ ಫೈನಾನ್ಸ್ ವಿಭಾಗದಲ್ಲಿ ಮೇಲಕ್ಕೆ ಹೋಗಬೇಕು ಅನ್ನುವವರಿಗೂ ಇದು ಒಳ್ಳೆಯದು.

ಸಿಎಂಎ ಇಂಟರ್‌ಮೀಡಿಯೆಟ್‌ಗೂ ಪದವೀಧರರು ನೇರವಾಗಿ ಸೇರಬಹುದು. ಎಂಟು ಪೇಪರ್, ಎರಡು ಗ್ರೂಪ್. ಫೈನಲ್‌ನಲ್ಲಿ ಮತ್ತೆ ಎಂಟು. ಜೂನ್, ಡಿಸೆಂಬರ್, ಹೀಗೆ ವರ್ಷಕ್ಕೆ ಎರಡು ಸಲ ಪರೀಕ್ಷೆ. ತರಬೇತಿ 15 ತಿಂಗಳು. ಲೆಕ್ಕಪತ್ರದ ಕೆಲಸದಲ್ಲಿ ಇರುವವರು ತಮ್ಮ ಅನುಭವವನ್ನೇ ತೋರಿಸಿ ವಿನಾಯಿತಿ ಕೇಳಬಹುದು. ಸಂಸಾರಸ್ಥರಿಗೆ ಸಿಎಂಎಯ ದೊಡ್ಡ ಆಕರ್ಷಣೆ ಇದೇ. ನಿಮ್ಮ ಮಂಡಿಯ ಅನುಭವ ಅದಕ್ಕೆ ಹೊಂದುತ್ತದಾ ಅಂತ ಸಿಎಂಎ ಕೋರ್ಸು ನಡೆಸುವ ಸಂಸ್ಥೆಗೆ ಬರೆದು, ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಬಾಯಿಮಾತು ನಂಬಬೇಡಿ.

ನನ್ನ ಅಭಿಪ್ರಾಯ ಕೇಳಿದ್ದೀರಿ. ನೀವು ಶಿವಮೊಗ್ಗದಲ್ಲೇ ಇರುವವರು. ಸುತ್ತ ಇರುವುದು ವ್ಯಾಪಾರಿಗಳು, ಮಂಡಿಗಳು, ಸಹಕಾರ ಸಂಘಗಳು, ತೋಟದವರು. ಇವರಿಗೆಲ್ಲ ಬೇಕಾಗುವುದು ಟ್ಯಾಕ್ಸ್ ಕೆಲಸ ಮತ್ತು ಆಡಿಟ್. 48ಕ್ಕೆ ಪಾಸಾದರೆ ದೊಡ್ಡ ಕಂಪನಿಯವರು ಹೊಸಬರ ಜೊತೆ ನಿಮ್ಮನ್ನು ಸಂದರ್ಶನಕ್ಕೆ ಕರೆಯುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಅಲ್ಲಿ ಚಿಕ್ಕ ವಯಸ್ಸಿನವರಿಗೇ ಆದ್ಯತೆ. ಆದರೆ ಸ್ವಂತ ಪ್ರಾಕ್ಟೀಸಿಗೆ ಆ ತೊಂದರೆ ಇಲ್ಲ. ಅಲ್ಲಿ ನಿವೃತ್ತಿಯೂ ಇಲ್ಲ. ಈ 14 ವರ್ಷದಲ್ಲಿ ಎಷ್ಟು ವ್ಯಾಪಾರಿಗಳು ನಿಮ್ಮ ಲೆಕ್ಕ ನೋಡಿದ್ದಾರೆ, ‘ಅಮ್ಮ ಬರೆದರೆ ತಾಳೆ ಆಗುತ್ತೆ’ ಅಂತ ನಂಬಿದ್ದಾರೆ? 23ರ ಹುಡುಗ ಆ ನಂಬಿಕೆ ಗಳಿಸಲು ಹತ್ತು ವರ್ಷ ಬೋರ್ಡ್ ಹಾಕಿಕೊಂಡು ಕೂರಬೇಕು. ಅದಕ್ಕೇ ನಿಮಗೆ ಸಿಎ ಹೆಚ್ಚು ಹೊಂದುತ್ತದೆ ಅನ್ನುತ್ತೇನೆ. ಆರ್ಟಿಕಲ್‌ಶಿಪ್‌ನ ಎರಡು ವರ್ಷ ಮನೆಗೆ ಖಂಡಿತ ತಾಳಿಕೊಳ್ಳಲು ಆಗುವುದಿಲ್ಲ ಅಂತ ಈಗಲೇ ಗೊತ್ತಿದ್ದರೆ ಮಾತ್ರ ಸಿಎಂಎ ಕಡೆ ಹೋಗಿ.

ಬೇರೆ ದಾರಿಗಳೂ ಇವೆ. ಬ್ರಿಟನ್ನಿನ ಎಸಿಸಿಎ, ಅಮೆರಿಕದ ಸಿಎಫ್‌ಎ ಬಗ್ಗೆ ಜಾಹೀರಾತು ಜಾಸ್ತಿ ಕಾಣುತ್ತದೆ. ಎಸಿಸಿಎ ಫೀಸು ಪೌಂಡಿನಲ್ಲಿ ಕಟ್ಟಬೇಕು, ಅದರಿಂದ ನಮ್ಮ ದೇಶದ ಆಡಿಟ್‌ಗೆ ಸಹಿ ಹಾಕುವ ಅಧಿಕಾರ ಬರುವುದಿಲ್ಲ. ಸಿಎಫ್‌ಎ ಇರುವುದು ಷೇರು, ಬಂಡವಾಳ ಹೂಡಿಕೆಯ ವಿಶ್ಲೇಷಣೆ ಮಾಡುವವರಿಗೆ. ನಿಮ್ಮ ಪತ್ರದಲ್ಲಿ ಆ ಆಸೆ ಕಾಣಲಿಲ್ಲ.

ಓದಿನ ಕಡೆ ಬರೋಣ. ನನಗೆ ಹೇಳಲು ಹೆಚ್ಚು ಇರುವುದು ಇಲ್ಲೇ.

ಸಿಎ ಇಂಟರ್‌ಮೀಡಿಯೆಟ್‌ನಲ್ಲಿ ಆರು ಪೇಪರ್. ಮೊದಲ ಗ್ರೂಪಿನಲ್ಲಿ ಅಡ್ವಾನ್ಸ್ಡ್ ಅಕೌಂಟಿಂಗ್, ಕಂಪನಿ ಕಾನೂನು ಮತ್ತು ಇತರ ಕಾನೂನು, ತೆರಿಗೆ. ಎರಡನೆಯದರಲ್ಲಿ ಕಾಸ್ಟಿಂಗ್, ಆಡಿಟಿಂಗ್, ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್ ಜೊತೆ ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್. ಒಂದೊಂದೂ 100 ಅಂಕ, ಮೂರು ಗಂಟೆ. ಅದರಲ್ಲಿ 30 ಅಂಕ ಬಹು ಆಯ್ಕೆ ಪ್ರಶ್ನೆ. ಎರಡೂ ಗ್ರೂಪ್ ಒಟ್ಟಿಗೆ ಬರೆಯಲು ಹೋಗಬೇಡಿ. ಕೆಲಸದಲ್ಲಿ ಇರುವವರಿಗೆ ಒಂದೊಂದೇ ಗ್ರೂಪ್ ಸರಿ. ಮೊದಲ ಗ್ರೂಪಿನಿಂದಲೇ ಶುರು ಮಾಡಿ, ಅದು ನಿಮ್ಮ ದಿನದ ಕೆಲಸಕ್ಕೆ ಹತ್ತಿರ.

ಹತ್ತಿರ ಅಂದೆ. ಆ ಹತ್ತಿರವೇ ಮೋಸ ಮಾಡುವುದೂ ಉಂಟು. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ನಿಮ್ಮ ಸಾಹುಕಾರರು ಮಾರ್ಚ್ 31ಕ್ಕೆ ಉಳಿದ ಅಡಿಕೆಗೆ ಒಂದು ಬೆಲೆ ಹಾಕುತ್ತಾರೆ. ಅವರು ಯಾವ ಬೆಲೆ ಹೇಳುತ್ತಾರೋ ನೀವು ಅದನ್ನೇ ಬರೆಯುತ್ತೀರಿ. ಪರೀಕ್ಷೆಯಲ್ಲಿ ಅದು ನಡೆಯುವುದಿಲ್ಲ. ಅಕೌಂಟಿಂಗ್ ಸ್ಟ್ಯಾಂಡರ್ಡ್ 2 ಪ್ರಕಾರ ಕೊಂಡ ಖರ್ಚು ಎಷ್ಟು, ಮಾರಿದರೆ ಕೈಗೆ ನಿವ್ವಳ ಬರುವುದು ಎಷ್ಟು, ಇವೆರಡರಲ್ಲಿ ಕಡಿಮೆ ಇರುವುದನ್ನೇ ತೆಗೆದುಕೊಳ್ಳಬೇಕು. ಯಾಕೆ ಅಂತಲೂ ಬರೆಯಬೇಕು. ಕೆಲಸದ ಅನುಭವ ಇರುವವರು ‘ನಾವು ಹೀಗೇ ಮಾಡೋದು’ ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ. ನಾನೂ ಕಳೆದುಕೊಂಡೆ, ಮೊದಲ ಸಲ ಅಕೌಂಟ್ಸ್ ಪೇಪರಿನಲ್ಲೇ. ಅಷ್ಟು ವರ್ಷ ಸಂಘದ ಲೆಕ್ಕ ಬರೆದವಳು ಅಕೌಂಟ್ಸ್‌ನಲ್ಲೇ ಫೇಲ್ ಅಂದಾಗ ಎಷ್ಟು ಅತ್ತಿದ್ದೆ.

ಇನ್ನೊಂದು ಕಡೆ ಅನುಭವ ಕೈ ಹಿಡಿಯುತ್ತದೆ. ಕಾಸ್ಟಿಂಗ್ ತೆಗೆದುಕೊಳ್ಳಿ. ಹುಡುಗರು ಪ್ರಾಸೆಸ್ ಕಾಸ್ಟಿಂಗ್‌ನಲ್ಲಿ ‘ನಾರ್ಮಲ್ ಲಾಸ್’ ಅನ್ನುವುದನ್ನು ಬಾಯಿಪಾಠ ಮಾಡುತ್ತಾರೆ. ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ತೋಟ ಹಿಡಿದವರು ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸುವುದು ನಿಮಗೆ ಗೊತ್ತು. ಹಸಿಯ ತೂಕ ಒಣಗಿದ ಮೇಲೆ ಎಷ್ಟಕ್ಕೆ ಇಳಿಯುತ್ತದೆ ಅಂತಲೂ ಗೊತ್ತು. ಆ ಇಳಿತವೇ ನಾರ್ಮಲ್ ಲಾಸ್. ಮಳೆ ಬಂದು ಅಂಗಳದ ಅಡಿಕೆ ಬೂಸು ಹಿಡಿದರೆ ಅದು ಅಬ್‌ನಾರ್ಮಲ್ ಲಾಸ್. ಒಂದೇ ತೋಟದಿಂದ ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಬೇರೆ ದರದ ಮಾಲು ಬರುತ್ತದೆ. ಚೇಣಿಯ ದುಡ್ಡನ್ನು ಇವುಗಳಿಗೆ ಹೇಗೆ ಹಂಚಬೇಕು? ಜಾಯಿಂಟ್ ಪ್ರಾಡಕ್ಟ್ ಅಧ್ಯಾಯ ಕೇಳುವುದು ಅದನ್ನೇ. ಪ್ರತಿ ಅಧ್ಯಾಯ ಶುರು ಮಾಡುವಾಗ ಮಂಡಿಯಲ್ಲಿ ಇದು ಎಲ್ಲಿದೆ ಅಂತ ಹುಡುಕಿ. ಒಂದು ಸಲ ಸಿಕ್ಕಿದರೆ ಮರೆಯುವುದಿಲ್ಲ. ನಲವತ್ತರ ನಂತರ ಬಾಯಿಪಾಠ ಮೊದಲಿನ ಹಾಗೆ ನಿಲ್ಲುವುದಿಲ್ಲ, ನಿಜ. ಆದರೆ ಅರ್ಥ ಮಾಡಿಕೊಂಡದ್ದು ಆಗಿನಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ.

ನಿಮ್ಮ ಬಿ.ಕಾಂ ಓದನ್ನು ನಂಬಿಕೊಳ್ಳಬೇಡಿ. ನೀವು ಆಗ ಓದಿದ್ದು 1956ರ ಕಂಪನಿ ಕಾಯ್ದೆ. ಈಗಿರುವುದು 2013ರದು. ಆಗ ಇದ್ದದ್ದು ಮಾರಾಟ ತೆರಿಗೆ, 2005ರಲ್ಲಿ ರಾಜ್ಯಕ್ಕೆ ವ್ಯಾಟ್ ಬಂತು, 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಈಗ 1961ರ ಆದಾಯ ತೆರಿಗೆ ಕಾಯ್ದೆಯೂ ಹೋಗಿ 2025ರ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅಸೆಸ್‌ಮೆಂಟ್ ಇಯರ್, ಪ್ರೀವಿಯಸ್ ಇಯರ್ ಅನ್ನುವ ಜೋಡಿ ಪದ ಹೋಗಿ ‘ಟ್ಯಾಕ್ಸ್ ಇಯರ್’ ಬಂದಿದೆ. ಸೆಕ್ಷನ್ ನಂಬರುಗಳೆಲ್ಲ ಬದಲು. ನಾವು ಪ್ರಾಕ್ಟೀಸ್ ಮಾಡುವವರೂ ಈಗ ಹೊಸದಾಗಿ ಕಲಿಯುತ್ತಿದ್ದೇವೆ. ಈ ಒಂದು ವಿಷಯದಲ್ಲಿ ನೀವು, ನಾನು, ನಿಮ್ಮ ಮಗಳು ಮೂವರೂ ಒಂದೇ ಬೆಂಚಿನಲ್ಲಿ ಕೂತಿದ್ದೇವೆ. ತೆರಿಗೆ ಪುಸ್ತಕ ಕೊಳ್ಳುವ ಮೊದಲು ನೀವು ಬರೆಯುವ ಪರೀಕ್ಷೆಗೆ ಯಾವ ಕಾಯ್ದೆ ಅಂತ ಸಿಎ ಪರೀಕ್ಷೆ ನಡೆಸುವ ಸಂಸ್ಥೆಯಾದ ಐಸಿಎಐ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಹಳೆಯ ಪುಸ್ತಕ ಅರ್ಧ ಬೆಲೆಗೆ ಸಿಗುತ್ತದೆ ಅಂತ ತರಬೇಡಿ.

ನೇರವಾಗಿ ಇಂಟರ್‌ಗೆ ಸೇರುವವರಿಗೆ ಇನ್ನೊಂದು ಮಾತು. ಫೌಂಡೇಶನ್ ಪರೀಕ್ಷೆ ನಿಮಗಿಲ್ಲ, ಆದರೆ ಫೌಂಡೇಶನ್ ಓದು ಬಿಡಬೇಡಿ. ಅದರ ಅಕೌಂಟಿಂಗ್ ಪುಸ್ತಕ ಒಂದು ಸಲ ಪೂರ್ತಿ ಮಾಡಿ. 20 ವರ್ಷದಲ್ಲಿ ಟ್ಯಾಲಿ ನಮ್ಮ ಕೈಯಿಂದ ಜರ್ನಲ್ ಎಂಟ್ರಿ ಕಿತ್ತುಕೊಂಡುಬಿಟ್ಟಿದೆ. ವೋಚರ್ ಹಾಕಿದರೆ ಅದೇ ಲೆಡ್ಜರಿಗೆ ಹೋಗುತ್ತದೆ, ಅದೇ ಟ್ರಯಲ್ ಬ್ಯಾಲೆನ್ಸ್ ತೆಗೆಯುತ್ತದೆ. ಕಾಗದದ ಮೇಲೆ ಡೆಬಿಟ್ ಕ್ರೆಡಿಟ್ ಬರೆಯುವ ಕೈ ಮತ್ತೆ ಪಳಗಬೇಕು. ಐಸಿಎಐ ತನ್ನ ಪುಸ್ತಕಗಳನ್ನು ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟಿದೆ. ಆನ್‌ಲೈನ್ ಪಾಠಗಳೂ ಉಚಿತ. ಹಳೆಯ ಪ್ರಶ್ನೆಪತ್ರಿಕೆ, ಅವುಗಳ ಮಾದರಿ ಉತ್ತರ, ಪ್ರತಿ ಪರೀಕ್ಷೆಗೂ ಮೊದಲು ಬರುವ ರಿವಿಜನ್ ಟೆಸ್ಟ್ ಪೇಪರ್, ಮಾಕ್ ಟೆಸ್ಟ್ ಪೇಪರ್ ಎಲ್ಲ ಅಲ್ಲೇ ಇವೆ. ಮೊದಲ ಮೂರು ತಿಂಗಳು ಇವುಗಳಲ್ಲೇ ಓದಿ. ಆಮೇಲೆ ಯಾವ ವಿಷಯ ತಲೆಗೆ ಹತ್ತುತ್ತಿಲ್ಲವೋ ಅದಕ್ಕೆ ಮಾತ್ರ ಕೋಚಿಂಗ್ ಕೊಳ್ಳಿ.

ಸಮಯದ ಲೆಕ್ಕ ಹೀಗಿಡಿ. ವಾರದ ಐದು ದಿನ ದಿನಕ್ಕೆ ಎರಡು ಗಂಟೆ. ಶನಿವಾರ ಒಂದು, ಭಾನುವಾರ ಐದು. ಒಟ್ಟು 16. ನೋಂದಣಿಯಾಗಿ ಎಂಟು ತಿಂಗಳ ನಂತರ ಪರೀಕ್ಷೆ ಬರೆಯಬಹುದು. ಎಂಟು ತಿಂಗಳು ಅಂದರೆ ಸುಮಾರು 34 ವಾರ, ಹತ್ತಿರ ಹತ್ತಿರ 540 ಗಂಟೆ. ಒಂದು ಗ್ರೂಪಿಗೆ ಇಷ್ಟು ಸಾಕು ಅಂತ ನನ್ನ ಅನುಭವ. ಜ್ವರ, ಮದುವೆ, ತಿಥಿ, ನೆಂಟರು ಎಲ್ಲ ಬಂದೇ ಬರುತ್ತವೆ. ಜಿಎಸ್‌ಟಿ ರಿಟರ್ನಿನ 11ನೇ ತಾರೀಖು, 20ನೇ ತಾರೀಖಿನ ಹಿಂದಿನ ದಿನಗಳಲ್ಲಿ ಓದು ಆಗುವುದಿಲ್ಲ ಅಂತ ಮೊದಲೇ ಬರೆದುಕೊಳ್ಳಿ. ಆಗದ ದಿನಕ್ಕೆ ಬೇಸರ ಮಾಡಿಕೊಂಡು ಮಾರನೇ ದಿನವನ್ನೂ ಹಾಳು ಮಾಡಿಕೊಳ್ಳುವವರನ್ನು ನೋಡಿದ್ದೇನೆ.

ಪರೀಕ್ಷೆ ವರ್ಷಕ್ಕೆ ಮೂರು ಸಲ ಇದೆ. ಜನವರಿ, ಮೇ, ಸೆಪ್ಟೆಂಬರ್. ನಿಮಗೆ ಸೆಪ್ಟೆಂಬರ್ ಒಳ್ಳೆಯದು ಅನಿಸುತ್ತದೆ. ಮಳೆಗಾಲದಲ್ಲಿ ಮಂಡಿ ಸ್ವಲ್ಪ ತಣ್ಣಗಿರುತ್ತದೆ, ಅಲ್ವಾ? ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಗಟ್ಟಿಯಾಗಿ ಕೂರಬಹುದು. ಸೆಪ್ಟೆಂಬರ್ ಪರೀಕ್ಷೆಗೆ ಅದೇ ವರ್ಷದ ಜನವರಿ 1ರೊಳಗೆ ನೋಂದಣಿ ಆಗಿರಬೇಕು. ಮೇ ಪರೀಕ್ಷೆ ಬೇಡ. ಮಾರ್ಚ್ ಎಂಡಿನ ಗಡಿಬಿಡಿ ತಯಾರಿಯನ್ನು ನುಂಗಿಬಿಡುತ್ತದೆ.

ಪರೀಕ್ಷೆ ಮಧ್ಯಾಹ್ನ 2ರಿಂದ 5. ಊಟ ಮಾಡಿ ಕಣ್ಣು ಎಳೆಯುವ ಹೊತ್ತು. ಹುಡುಗರಿಗೆ ಇದು ಗೊತ್ತಾಗುವುದೇ ಇಲ್ಲ, ನಮಗೆ ಗೊತ್ತಾಗುತ್ತದೆ. ಅದಕ್ಕೇ ಭಾನುವಾರದ ಅಭ್ಯಾಸವನ್ನು ಬೆಳಿಗ್ಗೆ ಮಾಡಬೇಡಿ. 2 ಗಂಟೆಗೇ ಕೂತು, ಮಧ್ಯೆ ಏಳದೆ, 5ರವರೆಗೆ ಬರೆಯಿರಿ. ಮೊದಲ ಸಲ ಹಾಗೆ ಕೂತಾಗ ಒಂದೂವರೆ ಗಂಟೆಗೇ ನನ್ನ ಬೆರಳು ಸೆಟೆದುಹೋಯಿತು. ಕೀಬೋರ್ಡ್ ಒತ್ತಿ ಒತ್ತಿ ಪೆನ್ನು ಹಿಡಿಯುವುದೇ ಮರೆತಿತ್ತು. ಉತ್ತರ ಗೊತ್ತಿದ್ದೂ 24 ಅಂಕದಷ್ಟು ಬಿಟ್ಟೆ. ಮೂರು ತಿಂಗಳು ದಿನಾ ಎರಡು ಪುಟ ಬರೆದ ಮೇಲೆ ಕೈ ಸರಿಯಾಯಿತು. ಚಾಳೀಸು ಬಂದಿದ್ದರೆ ನಂಬರ್ ಈಗಲೇ ಪರೀಕ್ಷೆ ಮಾಡಿಸಿ. ತಲೆನೋವು ಬಂದರೆ ನಾವು ಓದಿನ ಮೇಲೆ ತಪ್ಪು ಹಾಕುತ್ತೇವೆ, ತಪ್ಪು ಕನ್ನಡಕದ್ದಾಗಿರುತ್ತದೆ.

ಪಾಸಾಗುವ ನಿಯಮ ಸರಿಯಾಗಿ ತಿಳಿದುಕೊಳ್ಳಿ. ಪ್ರತಿ ಪೇಪರಿನಲ್ಲೂ 40 ಬೇಕು, ಗ್ರೂಪಿನ ಒಟ್ಟು ಅಂಕ ಶೇ 50 ಆಗಬೇಕು. ಮೂರು ಪೇಪರಿನಲ್ಲಿ 40, 40, 40 ಬಂದರೆ 120. ಬೇಕಾಗಿರುವುದು 150. ನಾನು ಫೈನಲ್ ಎರಡನೇ ಗ್ರೂಪಿನಲ್ಲಿ ಬಿದ್ದದ್ದು ಇಲ್ಲೇ. ಆಗ ಗ್ರೂಪಿಗೆ ನಾಲ್ಕು ಪೇಪರ್ ಇತ್ತು. ಎಲ್ಲದರಲ್ಲೂ 40ರ ಮೇಲೆ ಬಂದಿತ್ತು, ಒಟ್ಟು 193. ಬೇಕಿದ್ದದ್ದು 200. ಏಳು ಅಂಕಕ್ಕೆ ನಾಲ್ಕೂ ಪೇಪರ್ ಮತ್ತೆ ಬರೆದೆ. ಅದಕ್ಕೇ ಹೇಳುವುದು, ನಿಮಗೆ ಚೆನ್ನಾಗಿ ಬರುವ ಒಂದು ಪೇಪರಿನಲ್ಲಿ 60 ದಾಟಲು ನೋಡಿ. 60 ಬಂದರೆ, ಗ್ರೂಪ್ ಹೋದರೂ ಆ ಪೇಪರಿಗೆ ಮುಂದಿನ ಮೂರು ಸಲ ವಿನಾಯಿತಿ ಸಿಗುತ್ತದೆ. ನಿಮ್ಮ ವಿಷಯದಲ್ಲಿ ಅದು ತೆರಿಗೆ ಪೇಪರ್ ಆಗಬಹುದು. ಅದರಲ್ಲಿ ಜಿಎಸ್‌ಟಿಯೂ ಇದೆಯಲ್ಲ.

ಇನ್ನು ಇಂಗ್ಲಿಷ್. ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಅವಕಾಶ ಇಲ್ಲ. ಇದು ನನಗೆ ಈಗಲೂ ನೋವಿನ ವಿಷಯ. ಲೆಕ್ಕ ಅರ್ಥವಾಗಿದ್ದೂ ಭಾಷೆಗೆ ಹೆದರಿ ಹಿಂದೆ ಸರಿದವರು ನಮ್ಮ ಕಡೆ ಎಷ್ಟೋ ಜನ. ನಾನೂ ಕನ್ನಡ ಮಾಧ್ಯಮದವಳೇ. ನನಗೆ ದಾರಿ ತೋರಿಸಿದ್ದು 80 ಪುಟದ ಒಂದು ನೋಟ್‌ಬುಕ್. ಎಡಗಡೆ ಕಾನೂನಿನ ಪದ, ಬಲಗಡೆ ನನ್ನ ಮಾತಿನಲ್ಲಿ ಅರ್ಥ. ‘ಶಲ್’ ಅಂದರೆ ಮಾಡಲೇಬೇಕು. ‘ಮೇ’ ಅಂದರೆ ಮಾಡಬಹುದು, ಬಿಡಬಹುದು. ‘ಪ್ರೊವೈಡೆಡ್ ದಟ್’ ಬಂದರೆ ಮುಂದೆ ಒಂದು ಷರತ್ತು ಇದೆ. ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಬಂದರೆ ಬೇರೆ ಕಡೆ ಏನೇ ಹೇಳಿರಲಿ ಇದೇ ನಡೆಯುತ್ತದೆ. ‘ಸಬ್ಜೆಕ್ಟ್ ಟು’ ಬಂದರೆ ಇದು ಅಲ್ಲ, ಆ ಇನ್ನೊಂದೇ ಮೇಲು. ಇಂಥ ಇನ್ನೂರು ಪದ ತಿಳಿದರೆ ಕಾನೂನಿನ ಪೇಪರ್ ಅರ್ಧ ಗೆದ್ದ ಹಾಗೆ.

ಉತ್ತರ ಬರೆಯಲು ಅಲಂಕಾರದ ಇಂಗ್ಲಿಷ್ ಬೇಡವೇ ಬೇಡ. ಮೊದಲು ಕಾನೂನು ಏನು ಹೇಳುತ್ತದೆ. ಆಮೇಲೆ ಪ್ರಶ್ನೆಯಲ್ಲಿ ಕೊಟ್ಟ ಸಂಗತಿಗೆ ಅದು ಹೇಗೆ ಅನ್ವಯಿಸುತ್ತದೆ. ಕೊನೆಗೆ ಹಾಗಾಗಿ ಏನು. ಆರು ಏಳು ಪದದ ಚಿಕ್ಕ ಚಿಕ್ಕ ವಾಕ್ಯ ಸಾಕು. ಪಾಠ ಅರ್ಥ ಮಾಡಿಕೊಳ್ಳುವಾಗ ಧಾರಾಳವಾಗಿ ಕನ್ನಡದಲ್ಲೇ ಯೋಚಿಸಿ, ಅತ್ತೆಯವರಿಗೆ ವಿವರಿಸುವ ಹಾಗೆ ಗಟ್ಟಿಯಾಗಿ ಹೇಳಿಕೊಳ್ಳಿ. ಬರೆಯುವ ಅಭ್ಯಾಸ ಮಾತ್ರ ಮೊದಲ ದಿನದಿಂದಲೇ ಇಂಗ್ಲಿಷಿನಲ್ಲಿ ಇರಲಿ.

ಆರ್ಟಿಕಲ್‌ಶಿಪ್ ಬಗ್ಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರಿನ್ಸಿಪಾಲ್, ಅಂದರೆ ನೀವು ಯಾರ ಕೈಕೆಳಗೆ ಕಲಿಯುತ್ತೀರೋ ಆ ಸಿಎ, ನಿಮಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ನನ್ನನ್ನು ಮೂರು ಆಫೀಸಿನಲ್ಲಿ ವಯಸ್ಸು ಕೇಳಿಯೇ ವಾಪಸ್ ಕಳಿಸಿದರು. ನಾಲ್ಕನೆಯವರು ಹುಬ್ಬಳ್ಳಿಯಲ್ಲಿ ಸೇರಿಸಿಕೊಂಡರು. ಅಲ್ಲಿ ಜೊತೆಗಿದ್ದ ಹುಡುಗ ಹುಡುಗಿಯರಿಗೆ 20, 21. ಮೊದಲು ದೂರ ಇದ್ದರು, ಆಮೇಲೆ ‘ಅಕ್ಕಾರ’ ಅಂತ ಕರೆಯಲು ಶುರು ಮಾಡಿದರು. ವೋಚರ್ ಕಟ್ಟು ಹೊತ್ತಿದ್ದೇನೆ, ಏಪ್ರಿಲ್‌ನ ಬ್ಯಾಂಕ್ ಬ್ರಾಂಚ್ ಆಡಿಟ್‌ಗೆ ಬಿಸಿಲಲ್ಲಿ ಊರೂರು ತಿರುಗಿದ್ದೇನೆ. ಅವರು ನನಗೆ ಎಕ್ಸೆಲ್ ಫಾರ್ಮುಲಾ ಕಲಿಸಿದರು. ಲೆಡ್ಜರ್ ನೋಡಿದ ತಕ್ಷಣ ಯಾವ ಎಂಟ್ರಿ ಸುಳ್ಳು ಅಂತ ಹಿಡಿಯುವುದನ್ನು ನಾನು ಅವರಿಗೆ ಹೇಳಿಕೊಟ್ಟೆ. ಪ್ರಿನ್ಸಿಪಾಲ್ ಹುಡುಕುವಾಗ ನಿಮ್ಮ ವಯಸ್ಸು, ಮನೆಯ ಪರಿಸ್ಥಿತಿ, ರಾತ್ರಿ ಎಷ್ಟು ಹೊತ್ತಿನವರೆಗೆ ಇರಬಹುದು, ಹೊರಗೂರಿಗೆ ಹೋಗಬಹುದಾ ಇಲ್ಲವಾ, ಎಲ್ಲ ಮೊದಲ ದಿನವೇ ಬಾಯಿಬಿಟ್ಟು ಹೇಳಿ.

ಮಗಳ ಜೊತೆ ಓದುವ ಬಗ್ಗೆ ನೀವು ಕೇಳಲಿಲ್ಲ, ಆದರೆ ಪತ್ರದ ತುಂಬ ಅದೇ ಇದೆ. ಅವಳು ಫೌಂಡೇಶನ್‌ನಿಂದ ಶುರು ಮಾಡುತ್ತಾಳೆ, ನೀವು ಇಂಟರ್‌ನಿಂದ. ಅವಳು ನಿಮ್ಮನ್ನು ದಾಟಿ ಹೋಗುವ ದಿನವೂ ಬರಬಹುದು. ಒಂದು ನಿಯಮ ಈಗಲೇ ಮಾಡಿಕೊಳ್ಳಿ. ಒಬ್ಬರ ಅಂಕ ಇನ್ನೊಬ್ಬರ ಅಂಕದ ಜೊತೆ ಮನೆಯಲ್ಲಿ ಯಾರೂ ಹೋಲಿಸಬಾರದು, ನೆಂಟರ ಎದುರು ಅಂತೂ ಕೂಡದು. ಅವಳು ಫೇಲಾದ ದಿನ ನೀವು ಅವಳ ಅಮ್ಮ, ಸಹಪಾಠಿ ಅಲ್ಲ.

ಕಾಗದಪತ್ರದ ಒಂದು ಕೆಲಸ ಈ ವಾರವೇ ಶುರು ಮಾಡಿ. ಪದವಿಯ ಅಂಕಪಟ್ಟಿಯಲ್ಲಿ ಇರುವುದು ಮದುವೆಗೆ ಮುಂಚಿನ ಹೆಸರು, ಆಧಾರ್‌ನಲ್ಲಿ ಇರುವುದು ಈಗಿನದು ಆಗಿದ್ದರೆ ನೋಂದಣಿ ಹೊತ್ತಿಗೆ ತೊಂದರೆ. ಎರಡೂ ಒಬ್ಬರದೇ ಅಂತ ತೋರಿಸುವ ದಾಖಲೆ ಸಿದ್ಧ ಮಾಡಿಟ್ಟುಕೊಳ್ಳಿ. ನೋಂದಣಿ ಶುಲ್ಕ ಕಟ್ಟುವ ಮೊದಲು ನಾಲ್ಕು ವಾರ ಸುಮ್ನೆ ಓದಿ ನೋಡಿ. ಕ್ಯಾಲೆಂಡರಿನಲ್ಲಿ ದಿನದ ಗಂಟೆ ಬರೆಯುತ್ತಾ ಹೋಗಿ. ವಾರಕ್ಕೆ 16ರ ಬದಲು 12 ಬಂದರೂ ಸೇರಿಕೊಳ್ಳಿ. ಆರೇಳು ಮಾತ್ರ ಬಂದರೆ, ಮನೆಯಲ್ಲಿ ಯಾವ ಕೆಲಸ ಯಾರಿಗೆ ಹಂಚಬಹುದು ಅಂತ ಯಜಮಾನರ ಜೊತೆ ಕೂತು ಮಾತಾಡಿ, ಮತ್ತೆ ನಾಲ್ಕು ವಾರ ನೋಡಿ.

ಪುಸ್ತಕ ಹುಡುಕಿಕೊಂಡು ಹೋಗುವುದೂ ಬೇಡ. ಇವತ್ತು ಸಂಜೆ ಮಗಳ ಎರಡನೇ ಪಿಯು ಅಕೌಂಟೆನ್ಸಿ ಪುಸ್ತಕ ಇಸ್ಕೊಂಡು, ಪಾರ್ಟ್‌ನರ್‌ಶಿಪ್ ಅಧ್ಯಾಯದಲ್ಲಿ ಹೊಸ ಪಾಲುದಾರ ಸೇರುವ ಒಂದು ಲೆಕ್ಕ ಮಾಡಿ. ಪೆನ್ನಿನಲ್ಲಿ, ಕಾಗದದ ಮೇಲೆ, ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಂಡು. ತಾಳೆ ಆಯಿತಾ ಇಲ್ಲವಾ ಅಂತ ಅವಳ ಕೈಯಲ್ಲೇ ತಿದ್ದಿಸಿ.